ಅಪ್ಪಯ್ಯನ ಮಾತ್ರೆ 'ಬದಲಾಗಿದೆ' ಎಂದರೆ ಏನಮ್ಮ?

ಮೆಲ್ಬರ್ನ್
ಜುಲೈ 22

ಅಮ್ಮನಿಗೆ ನಮಸ್ಕಾರಗಳು. ಅಪ್ಪಯ್ಯನಿಗೂ ಶಾಂತತ್ತೆಗೂ ತಿಳಿಸು. ನಾವೆಲ್ಲ ಕ್ಷೇಮ.

ನಿನ್ನ ಪತ್ರ ತಲುಪಿತು. ಊರಿನ ಮಳೆ, ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಆಳು ಸಿಗದಿರುವುದು, ಸುಮಕ್ಕನ ಮನೆಯ ಹಸು ಕರು ಹಾಕಿದ್ದು ಎಲ್ಲವನ್ನೂ ವಿವರವಾಗಿ ಬರೆದು, ಕೊನೆಗೆ ಒಂದೇ ಸಾಲು: 'ಅಪ್ಪಯ್ಯನ ಮಾತ್ರೆ ಬದಲಾಗಿದೆ, ರಿಪೋರ್ಟ್ ಸ್ವಲ್ಪ ಏರುಪೇರಾಗಿದೆ, ನೀನು ಗಾಬರಿಯಾಗಬೇಡ.' ಅಂದಿನಿಂದ ಫೋನ್ ಮಾಡುತ್ತಲೇ ಇದ್ದೇನೆ, ಮಳೆಗೆ ಲೈನೇ ಸಿಗುತ್ತಿಲ್ಲ. ಇದನ್ನು ರಘುವಿನ ಮೊಬೈಲಿಗೆ ಕಳುಹಿಸುತ್ತೇನೆ. ಸಾಗರ ಪೇಟೆಗೆ ಹೋದಾಗ ಅವನಿಗೆ ಸಿಗುತ್ತದೆ, ಮನೆಗೆ ಬಂದು ಓದಿ ಹೇಳಲಿ.

ಬದಲಾಗಿದೆ ಎಂದರೆ ಯಾವ ಬದಲು? ಡಾಕ್ಟರೇ ಪ್ರಮಾಣ ಹೆಚ್ಚಿಸಿದರೇ, ಇಳಿಸಿದರೇ? ಈ ಮಾತ್ರೆ ನಿಲ್ಲಿಸಿ ಬೇರೆಯದಕ್ಕೆ ಹಾಕಿದರೇ? ಅಥವಾ ಔಷಧಿ ಅಂಗಡಿಯಲ್ಲಿ ಅದಲುಬದಲಾಯಿತೇ? ಮೊದಲ ಎರಡಾದರೆ ಡಾಕ್ಟರ ಲೆಕ್ಕಾಚಾರ, ನಾನು ನಿಶ್ಚಿಂತೆ. ಮೂರನೆಯದಾದರೆ ಇವತ್ತೇ ಚೀಟಿ ಹಿಡಿದು ಹೋಗಬೇಕು. ಅಪ್ಪಯ್ಯ ನುಂಗುವ ವಾರ್ಫರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, 1, 2, 5 ಮಿಲಿಗ್ರಾಂ ಎಂದು ಬೇರೆ ಬೇರೆ ಬಲದಲ್ಲಿ ಬರುತ್ತದೆ. ಡಬ್ಬಿಯ ಮೇಲೆ ಹೆಸರು ಅದೇ ಇರುತ್ತದೆ, ಅಂಕಿ ಮಾತ್ರ ಬೇರೆ. ಹೆಸರು ಸರಿಯಿದೆ ಎಂದು ಸುಮ್ಮನಾಗಬೇಡ, ಅಂಕಿ ನೋಡು.

ಏರುಪೇರು ಎಂದು ಬರೆದದ್ದು ಇನ್ನೂ ಕಷ್ಟ. ಏರಿತೋ ಇಳಿಯಿತೋ? ಹೃದಯಕ್ಕೆ ವಾಲ್ವ್ ಹಾಕಿದ ಮೇಲೆ ಅಪ್ಪಯ್ಯನ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ರಿಪೋರ್ಟಿನ ಅಂಕಿ, 2.5ರಿಂದ 3.5ರ ಒಳಗಿರಬೇಕು ಎಂದು ಡಾಕ್ಟರು ಚೀಟಿಯಲ್ಲೇ ಬರೆದಿದ್ದಾರೆ. ಮೇಲಕ್ಕೆ ಹೋದರೆ ರಕ್ತ ಸೋರುವ ಭಯ: ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಮಲ ಕಪ್ಪಾಗುವುದು. ಕೆಳಕ್ಕೆ ಬಂದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ: ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ.

ಔಷಧಿಯನ್ನೇ ಉಲ್ಟಾ ಮಾಡುವ ಇಂಜೆಕ್ಷನ್ ಇದೆಯಂತೆ ಎಂದು ಶಾಂತತ್ತೆ ಹೆದರಿದ್ದಾರೆ ಎಂದೂ ಬರೆದಿದ್ದೀಯ. ಇದೆ, ಹೆದರಬೇಕಾಗಿಲ್ಲ. ಅದು ವಿಟಮಿನ್ ಕೆ. ವಾರ್ಫರಿನ್ ತಡೆದಿಟ್ಟ ರಕ್ತ ಹೆಪ್ಪುಗಟ್ಟುವ ಕೆಲಸವನ್ನು ಅದು ಮತ್ತೆ ನಡೆಯುವಂತೆ ಮಾಡುತ್ತದೆ, ಐಎನ್‌ಆರ್ ಇಳಿಯುತ್ತದೆ. ಅದನ್ನು ಯಾವಾಗ ಕೊಡಬೇಕು ಎನ್ನುವುದು ಡಾಕ್ಟರಿಗೆ ಬಿಟ್ಟದ್ದು. ನಮ್ಮ ಕೈಯಲ್ಲಿರುವುದು ಹಿತ್ತಲಿನ ಬಸಳೆ. ಸೊಪ್ಪಿನಲ್ಲಿ ಇರುವುದೂ ಅದೇ ವಿಟಮಿನ್. ಹಾಗೆಂದು ಬಸಳೆ ಹುಳಿ ಬಿಡಿಸಬೇಡ, ಅಪ್ಪಯ್ಯ ಊಟವನ್ನೇ ಬಿಟ್ಟಾರು. ಒಂದು ವಾರ ಮೂರು ಹೊತ್ತೂ ಸೊಪ್ಪು, ಮರುವಾರ ಒಂದೆಲೆಯೂ ಇಲ್ಲ ಎಂದಾಗಬಾರದು, ಅಷ್ಟೇ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಮಂಡಿನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ ಮಾತ್ರ ಖಂಡಿತ ಬೇಡ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದೂ ಬೇಡ.

ಇಲ್ಲಿ ಎಲ್ಲವೂ ತಲೆಕೆಳಗಂತೆ, ಹೇಗಿದ್ದೀಯೋ ಎಂದು ಕೇಳಿದ್ದೀಯ. ಚೆನ್ನಾಗಿಯೇ ಇದ್ದೇವೆ. ಜುಲೈ ಇಲ್ಲಿ ಚಳಿಗಾಲ, ಸಂಕ್ರಾಂತಿ ಕಡುಬೇಸಿಗೆಗೆ ಬರುತ್ತದೆ, ಯುಗಾದಿಗೆ ಎಲೆ ಉದುರುತ್ತದೆ. ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುವುದರಿಂದ ಉತ್ತರಕ್ಕೆ ಕಿಟಕಿಯಿರುವ ಮನೆಗೆ ಬೇಡಿಕೆ. ನಮ್ಮದು ಅಂಥದ್ದೇ, ಹಪ್ಪಳ ಒಣಗಿಸುವಷ್ಟು ಬಿಸಿಲು ಒಳಗೇ ಬರುತ್ತದೆ. ಮೊನ್ನೆ ಹುಣ್ಣಿಮೆಯ ಚಂದ್ರ ಮೇಲೇರಿದಾಗ ಪುಟ್ಟಿಗೆ ಅದರಲ್ಲಿನ ಮೊಲ ತೋರಿಸಿದೆ. ಊರಲ್ಲಿ ಕಾಣುವ ಮೊಲವೇ, ತಲೆ ಕೆಳಗೆ ಕಾಲು ಮೇಲೆ. ಅವಳಿಗೆ ಹುಟ್ಟಿದಾಗಿನಿಂದ ಹೀಗೆಯೇ ಕಂಡದ್ದು, ಅವಳ ಮಟ್ಟಿಗೆ ನಿಮ್ಮ ಮೊಲವೇ ತಲೆಕೆಳಗು!

ಅವಳು ಎಲ್ಲದಕ್ಕೂ 'ಬದಲು ಮಾಡು' ಎನ್ನುತ್ತಾಳೆ. ದೋಸೆ ಬದಲು ಮಾಡು, ಪುಟ ಬದಲು ಮಾಡು. ದೋಸೆ ಮಗುಚಬೇಕು, ಪುಟ ತಿರುವಬೇಕು, ತೊಳೆದ ಪಾತ್ರೆ ಕವುಚಿ ಹಾಕಬೇಕು, ಬದಲಿಸುವುದು ಅಂಗಿ ಎಂದು ಒಂದೊಂದಾಗಿ ಕಲಿಸುತ್ತಿದ್ದೇನೆ. ಇದೆಲ್ಲ ನೀನು ಒಲೆಯ ಮುಂದೆ ನನಗೆ ಕಲಿಸಿದ್ದು. ದೋಸೆಗೊಂದು ಪಾತ್ರೆಗೊಂದು ಮಾತು ಇಟ್ಟುಕೊಂಡಿರುವ ನೀನು ಅಪ್ಪಯ್ಯನ ಮಾತ್ರೆಗೆ 'ಬದಲಾಗಿದೆ' ಎಂದು ಮುಗಿಸಿದರೆ ಇಷ್ಟು ದೂರದಲ್ಲಿ ನಾನು ಏನೆಂದು ತಿಳಿಯಲಿ? ಹೆಚ್ಚಿಸಿದರು, ಇಳಿಸಿದರು, ನಿಲ್ಲಿಸಿದರು, ಎಷ್ಟರಿಂದ ಎಷ್ಟಕ್ಕೆ, ಹೀಗೆ ಬರೆ.

ನನಗೆ ಗಾಬರಿಯೇನೂ ಇಲ್ಲ, ನಿದ್ದೆಯೂ ಬರುತ್ತಿದೆ, ನನ್ನ ಚಿಂತೆ ನಿನಗೆ ಬೇಡ. ದುಡ್ಡಿನ ಯೋಚನೆಯೂ ಬೇಡ, ಪರೀಕ್ಷೆಗೆಂದು ರಘುವಿನ ಖಾತೆಗೆ ಹಾಕಿದ್ದೇನೆ. ಅಪ್ಪಯ್ಯ ಮಾತ್ರೆ ನುಂಗುವ ಸಂಜೆ ಏಳಕ್ಕೆ ಇಲ್ಲಿ ರಾತ್ರಿ ಹನ್ನೊಂದೂವರೆ, ಎಚ್ಚರವಾಗಿಯೇ ಇರುತ್ತೇನೆ, ಲೈನ್ ಸಿಕ್ಕರೆ ಆಗಲೇ ಮಾಡಿ. ಅಕ್ಟೋಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆಮೇಲೆ ಹನ್ನೆರಡೂವರೆಯಾದರೂ ಪರವಾಗಿಲ್ಲ.

ಪುಟ್ಟಿಯ ಶಾಲೆ ಬಿಡುವ ಹೊತ್ತಾಯಿತು, ಹೊರಟೆ. ರಘು, ಚೀಟಿ ಮತ್ತು ಮಾತ್ರೆಯ ಪಟ್ಟಿ ಎರಡರದ್ದೂ ಫೋಟೋ ಕಳುಹಿಸು, ಅಂಕಿ ಕಾಣುವ ಹಾಗೆ. ಇವತ್ತೇ.

ಇಂತಿ,
ವಿದ್ಯಾ