ಬೀರುವಿನಲ್ಲಿ ಬೀಗ ಹಾಕಿಟ್ಟ ಕಥೆಪುಸ್ತಕಗಳು: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ಪಠ್ಯಪುಸ್ತಕದಲ್ಲಿ ಯಾವ ಪಾಠ ಇರಬೇಕೆಂಬ ಜಗಳ 2022ರಲ್ಲಿ ಬೀದಿಗೆ ಬಂತು. 2023ರ ಜೂನ್‌ನಲ್ಲಿ ಸಂಪುಟ ಕೆಲವು ಪಾಠಗಳನ್ನು ಕೈಬಿಟ್ಟಿತು. ಅದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಶಾಲೆಯ ಕಥೆಪುಸ್ತಕಗಳಿಗೆ ಏನಾಗುತ್ತದೆ ಎಂಬುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಆದೇಶವೇ ಇರುವುದಿಲ್ಲ. ಯಾರೋ ಒಂದು ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ, ಸುತ್ತಲಿನ ಶಾಲೆಗಳ ಮೇಲ್ವಿಚಾರಣೆ ನೋಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನ್ ಮಾಡುತ್ತಾರೆ, ಮುಖ್ಯ ಶಿಕ್ಷಕರು ‘ನಮಗ್ಯಾಕೆ ವಿವಾದ’ ಎಂದು ಪುಸ್ತಕವನ್ನು ಬೀರುವಿಗೆ ಸೇರಿಸಿ ಬೀಗ ಹಾಕುತ್ತಾರೆ. ದಾಸ್ತಾನು ವಹಿಯಲ್ಲಿ ಅದು ಇದ್ದೇ ಇರುತ್ತದೆ. ತೆಗೆದದ್ದಕ್ಕೆ ಕಾರಣ ಬರೆದಿಲ್ಲವಾದ್ದರಿಂದ ಮೇಲ್ಮನವಿಗೂ ದಾರಿಯಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಂತೆ ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತ ನೋಡಿ ವರ್ಷಕ್ಕೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಅನುದಾನಕ್ಕೂ ಅವಕಾಶವಿದೆ. ಕೊರತೆ ಇರುವುದು ಶಿಕ್ಷಕರ ತಯಾರಿಯಲ್ಲಿ.

ಆಕ್ಷೇಪಗಳು ಎಲ್ಲ ಕಡೆ ಹೆಚ್ಚೂಕಡಿಮೆ ಇವೇ: ತಟ್ಟೆಯಲ್ಲಿ ಮೊಟ್ಟೆ ಅಥವಾ ಮೀನು, ಜಾತಿಯ ಹೆಸರು, ಮುಟ್ಟು, ಕುಡಿದು ಬರುವ ಅಪ್ಪ, ದೆವ್ವ, ಸಾವು, ಕಲಬುರಗಿಯ ಅಥವಾ ಚಾಮರಾಜನಗರದ ಆಡುಮಾತು. ಸಾವೇ ಬೇಡವೆಂದರೆ ಗೋವಿನ ಹಾಡನ್ನೂ ತೆಗೆಯಬೇಕಾಗುತ್ತದೆ; ಅಲ್ಲಿ ಹುಲಿ ಪ್ರಾಣ ಬಿಡುತ್ತದೆ, ನಮ್ಮ ಮಕ್ಕಳು ತಲೆಮಾರುಗಳಿಂದ ಅದನ್ನು ಹಾಡಿಕೊಂಡೇ ಬಂದಿದ್ದಾರೆ. ವಯಸ್ಸಿನ ಪ್ರಶ್ನೆ ಸುಳ್ಳೆಂದು ನಾವು ಹೇಳುತ್ತಿಲ್ಲ. ಏಳನೆಯ ತರಗತಿಗೆ ಸಲ್ಲುವ ಪುಸ್ತಕ ಎರಡನೆಯ ತರಗತಿಗೆ ಸಲ್ಲದೇ ಇರಬಹುದು. ಆದರೆ ಅದು ಆಯ್ಕೆ, ನಿಷೇಧವಲ್ಲ. ಗ್ರಂಥಾಲಯ ವಿದ್ವಾಂಸ ಲೆಸ್ಟರ್ ಆಶೈಮ್ 1953ರಲ್ಲೇ ಈ ಗೆರೆ ಎಳೆದಿದ್ದರು: ಆಯ್ಕೆ ಮಾಡುವವರು ಇಡೀ ಪುಸ್ತಕ ನೋಡಿ ಉಳಿಸಿಕೊಳ್ಳಲು ಕಾರಣ ಹುಡುಕುತ್ತಾರೆ, ನಿಷೇಧಿಸುವವರು ಒಂದು ಸಾಲು ನೋಡಿ ತೆಗೆಯಲು ಕಾರಣ ಹುಡುಕುತ್ತಾರೆ.

ಈ ವ್ಯತ್ಯಾಸವನ್ನು ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ ಕೋರ್ಸಾದ ಡಿ.ಎಲ್.ಇಡಿ.ಯ ಎರಡು ವರ್ಷಗಳಲ್ಲೇ ಕೈಗೆ ಹತ್ತಿಸಬೇಕು. ಮಕ್ಕಳ ಸಾಹಿತ್ಯವೆಂದರೆ ವ್ಯಾಖ್ಯಾನ, ಪ್ರಕಾರ, ಲೇಖಕರ ಹೆಸರು ಎಂದಾದಾಗ, ಒಂದೂ ಮಕ್ಕಳ ಪುಸ್ತಕ ಪೂರ್ತಿ ಓದದೆ ಪರೀಕ್ಷೆ ಪಾಸಾಗಬಹುದು. ಮೊದಲ ವರ್ಷ ಪ್ರತಿ ಪ್ರಶಿಕ್ಷಣಾರ್ಥಿ 25 ಪುಸ್ತಕ ಓದಲಿ. ಅದರಲ್ಲಿ ಐದಾದರೂ ತಮಗೆ ಇರಿಸುಮುರಿಸು ಆಗುವಂಥವು ಇರಲಿ. ಒಂದೊಂದಕ್ಕೂ ಅರ್ಧ ಪುಟದ ಟಿಪ್ಪಣಿ: ಯಾವ ತರಗತಿಗೆ, ಯಾರು ಆಕ್ಷೇಪಿಸಬಹುದು, ಆದರೂ ಏಕೆ ಇಡಬೇಕು. ನಾಳೆ ಪೋಷಕರು ಕೇಳಿದಾಗ ತೋರಿಸಲು ಇದೇ ಕಾಗದ ಕೈಯಲ್ಲಿರುತ್ತದೆ. ಎರಡನೆಯ ವರ್ಷ ಶಾಲೆಯಲ್ಲಿ 15 ನಿಮಿಷ ಗಟ್ಟಿಯಾಗಿ ಓದಿ, ಮಕ್ಕಳ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಇಲ್ಲಿ ಹೆಚ್ಚಾಗಿ ಎಡವುವುದು ಒಂದೇ ಕಡೆ: ಕಥೆ ಮುಗಿದ ಕೂಡಲೇ ‘ಇದರ ನೀತಿಯೇನು’ ಎಂದು ಕೇಳಿಬಿಡುತ್ತಾರೆ, ಮಕ್ಕಳು ಮೇಷ್ಟ್ರಿಗೆ ಬೇಕಾದ ಉತ್ತರ ಹೇಳಿ ಸುಮ್ಮನಾಗುತ್ತಾರೆ. ದೂರು ಎದುರಿಸುವ ಅಭ್ಯಾಸವೂ ಬೇಕು. ಒಬ್ಬರು ಪೋಷಕರಾಗಿ, ಇನ್ನೊಬ್ಬರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಾಗಿ ಕೂತು ಪ್ರಶ್ನಿಸಲಿ.

ಇಷ್ಟೆಲ್ಲ ಕಲಿತು ಬಂದವರನ್ನೂ ಒಂದು ಫೋನ್ ಕರೆ ಹೆದರಿಸಬಲ್ಲದು. ಆದ್ದರಿಂದ ಇಲಾಖೆಯಿಂದ ಸುತ್ತೋಲೆ ಬೇಕು. ದೂರು ಲಿಖಿತವಾಗಿರಲಿ, ದೂರುದಾರರು ಪುಸ್ತಕ ಪೂರ್ತಿ ಓದಿದ್ದಾರೆಯೇ, ತಕರಾರು ಯಾವ ಪುಟದ್ದು ಎಂಬುದು ಅದರಲ್ಲಿರಲಿ. ಭಾಷಾ ಶಿಕ್ಷಕರು, ಪೋಷಕರು, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಮಕ್ಕಳ ಸಾಹಿತಿ ಇರುವ ಐದು ಜನರ ಸಮಿತಿ 30 ದಿನದೊಳಗೆ ಕಾರಣಸಹಿತ ತೀರ್ಮಾನ ಬರೆಯಲಿ. ಅಲ್ಲಿಯವರೆಗೆ ಪುಸ್ತಕ ಮಕ್ಕಳ ಕೈಗೆ ಸಿಗುತ್ತಲೇ ಇರಲಿ. ತಮ್ಮ ಮಗುವಿಗೆ ಬೇರೆ ಪುಸ್ತಕ ಕೊಡಿ ಎಂದು ಕೇಳುವ ಹಕ್ಕು ಪೋಷಕರಿಗಿದೆ, ಇಡೀ ತರಗತಿಯ ಪರವಾಗಿ ಬೇಡ ಎನ್ನುವ ಹಕ್ಕಿಲ್ಲ. ಟಿಪ್ಪಣಿ ಬರೆದು ಪುಸ್ತಕ ಆರಿಸಿದ ಶಿಕ್ಷಕರ ಮೇಲೆ 2021ರ ಸಿವಿಲ್ ಸೇವಾ ನಡತೆ ನಿಯಮಗಳಡಿ ಕ್ರಮವಿಲ್ಲ ಎಂಬುದನ್ನೂ ಅದೇ ಸುತ್ತೋಲೆ ಸ್ಪಷ್ಟಪಡಿಸಲಿ.

ಕರಡು ಸಿದ್ಧಪಡಿಸಲು ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಗೆ ಸೂಚಿಸಿ, ಮುಂದಿನ ಗ್ರಂಥಾಲಯ ಖರೀದಿಗೆ ಮುನ್ನ ಅದನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವರು