ಆವತ್ತು ಬೆಳಕಿತ್ತು ಕಣೋ

ಪ್ರೀತಿಯ ಗೆಳೆಯಾ,

ಹಸಿರು ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ. ಅದರ ಮಾತು ಆಮೇಲೆ.

ಈ ವಾರವೆಲ್ಲ ಒಬ್ಬ ಹಳೇ ಬೇಸ್‌ಬಾಲ್ ಆಟಗಾರ ನನ್ನ ತಲೆಯೊಳಗೆ ಕೂತುಬಿಟ್ಟಿದ್ದಾನೆ. ಹ್ಯಾರಿ ರೈಟ್. ಹುಟ್ಟಿದ್ದು 1835ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕಿನಲ್ಲಿ. ಅಪ್ಪ ಅಲ್ಲಿ ಕ್ರಿಕೆಟ್ ಕ್ಲಬ್ಬಿನ ಸಂಬಳದ ಆಟಗಾರ. ಮಗನೂ ಮೊದಲು ನಮ್ಮ ಹಾಗೆ ಕ್ರಿಕೆಟ್ಟಿನವನೇ. ಸಿನ್ಸಿನಾಟಿಗೆ ಹೋದದ್ದೂ ಕ್ರಿಕೆಟ್ ಕೆಲಸಕ್ಕೇ. ಅಲ್ಲಿ ಬೇಸ್‌ಬಾಲ್ ತಂಡ ಕಟ್ಟಿದ. ರೆಡ್ ಸ್ಟಾಕಿಂಗ್ಸ್. 1869ರಲ್ಲಿ, ಕದ್ದುಮುಚ್ಚಿ ಅಲ್ಲದೆ ಎಲ್ಲ ಆಟಗಾರರಿಗೂ ಸಂಬಳ ಕೊಟ್ಟ ಮೊದಲ ತಂಡ ಅದು. ಆಡುವವನೂ ಅವನೇ, ಆಡಿಸುವವನೂ ಅವನೇ. ಅವನಿಗೆ 1200 ಡಾಲರ್, ತಮ್ಮ ಜಾರ್ಜ್‌ಗೆ 1400! ಆ ವರ್ಷ ಅವರು ಒಂದೂ ಪಂದ್ಯ ಸೋಲಲಿಲ್ಲ.

ನಾನು ಹೇಳಬೇಕಾದದ್ದು 1870ರ ಜೂನ್ 14ರ ವಿಷಯ. ಬ್ರೂಕ್ಲಿನ್‌ನಲ್ಲಿ ಅಟ್ಲಾಂಟಿಕ್ಸ್ ಜೊತೆ ಪಂದ್ಯ. ಒಂಬತ್ತು ಇನಿಂಗ್ಸ್ ಮುಗಿದಾಗ 5-5. ಅಟ್ಲಾಂಟಿಕ್ಸ್‌ನವರಿಗೆ ಡ್ರಾ ಸಾಕಾಗಿತ್ತು. ಹ್ಯಾರಿ ಕೈಕುಲುಕಿ ಹೊರಟಿದ್ದರೆ ಸೋಲಿಲ್ಲದ ಸರಣಿ ಹಾಗೇ ಉಳಿಯುತ್ತಿತ್ತು. ಅವನು ಒಪ್ಪಲಿಲ್ಲ. ಆಡೋಣ ಅಂತ ಪಟ್ಟು ಹಿಡಿದ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಇವರು ಎರಡು ರನ್ ತೆಗೆದರು, ಅವರು ಮೂರು. 8-7. ಸೋತ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕೊನೇ ಪಂದ್ಯ ನೆನಪಿದೆ ಅಲ್ವಾ? ಸ್ಕೋರು ಸಮ, ಒಂದು ಓವರ್ ಬಾಕಿ, ಮುಂದೆ ಇಳಿಯಬೇಕಾದವನು ನಾನು. ಬಾಲ್ ಕಾಣ್ತಿಲ್ಲ ಅಂದೆ. ಎಲ್ಲರೂ ನಂಬಿದರು. ಆವತ್ತು ಬೆಳಕಿತ್ತು ಕಣೋ.

ಅಷ್ಟೇ ಹೇಳಿ ನಿಲ್ಲಿಸಬೇಕೆಂದಿದ್ದೆ. ಆಗುತ್ತಿಲ್ಲ. ಊರಲ್ಲಿ ಇಬ್ಬರೂ ಸೇರಿ ಪ್ರೆಸ್ ಹಾಕೋಣ ಅಂತ ನೀನು ಕರೆದಾಗ ಅಪ್ಪನಿಗೆ ಹುಷಾರಿಲ್ಲ ಅಂದೆನಲ್ಲ, ಅಪ್ಪ ಚೆನ್ನಾಗಿಯೇ ಇದ್ದರು. ನನಗೆ ಹೆದರಿಕೆಯಾಗಿತ್ತು. ನೀನು ಒಬ್ಬನೇ ಸಾಲ ಮಾಡಿದೆ, ಒಬ್ಬನೇ ತೀರಿಸಿದೆ.

ಆ ಸೋಲಿನ ವರ್ಷವೇ ಹ್ಯಾರಿಯ ತಂಡ ಚದುರಿತು. ಅವನು ಬಾಸ್ಟನ್‌ಗೆ ಹೋದ. 1872ರಿಂದ 75ರವರೆಗೆ ನಾಲ್ಕು ವರ್ಷವೂ ಅಲ್ಲಿನ ತಂಡಕ್ಕೆ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ. ಮುಂದೆ ಫಿಲಡೆಲ್ಫಿಯಾದಲ್ಲಿ ಮ್ಯಾನೇಜರ್ ಆಗಿದ್ದಾಗ, 1890ರಲ್ಲಿ, ಕೆಲ ಕಾಲ ಕಣ್ಣೇ ಕಾಣದಾಯಿತು. ಸುಧಾರಿಸಿಕೊಂಡು ಮತ್ತೆ ಮೈದಾನಕ್ಕೆ ಬಂದ.

ಸರಿ, ಜಾಸ್ತಿ ಆಯಿತು. ಭಾನುವಾರ ಬರುತ್ತಿದ್ದೇನೆ. ಆ ಒಂದು ಓವರ್ ನೀನೇ ಹಾಕು. ಟೆನಿಸ್ ಬಾಲ್ ನಾನು ತರುತ್ತೇನೆ, ಛತ್ರಿಯನ್ನೂ. ಮೇಷ್ಟ್ರಿಗೆ ಮಾತ್ರ ಹೇಳಬೇಡ.

ನಿನ್ನ,
ಹನ್ನೊಂದನೇ ನಂಬರ್