ಮಗಳಿಗೊಂದು ಪತ್ರ: ಗ್ಯಾನ ಎಲ್ಲಿಟ್ಟಿದ್ದೀಯೋ

ಪುಟ್ಟಿಗೆ,

ನಿನ್ನ ಅವ್ವ ನಾಳೆ ಬೆಳಿಗ್ಗೆ ರೈಲಿಗೆ ಮಂಡ್ಯದಿಂದ ಹೊರಡುತ್ತಾಳೆ. ಈ ಕಾಗದ ಅಚ್ಚುಬೆಲ್ಲದ ಡಬ್ಬಿಯೊಳಗಿರುತ್ತದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ; ಎತ್ತಿದರೂ ನಾನು ಮೂರನೇ ಮಾತಿಗೇ ದನಿ ಏರಿಸುತ್ತೇನೆ. ಬರೆಯುವಾಗ ಅಷ್ಟು ಜೋರಾಗಿ ಕೂಗಲು ಆಗುವುದಿಲ್ಲವಲ್ಲ.

ಸಂಕ್ರಾಂತಿ ಸಂಜೆ ಆದದ್ದು ಇಬ್ಬರಿಗೂ ಗೊತ್ತು, ಮತ್ತೆ ಕೆದಕುವುದು ಬೇಡ. ಎಳ್ಳುಬೆಲ್ಲ ಕೊಟ್ಟು ಒಳ್ಳೆ ಮಾತಾಡು ಅನ್ನುವ ದಿನವೇ ನನ್ನ ಬಾಯಲ್ಲಿ ಅಂಥ ಮಾತು ಬಂತು. ದನಗಳಿಗೆ ಕಿಚ್ಚು ಹಾಯಿಸುವ ಹೊತ್ತಿಗೆ ನೀನು ಬಸ್ಸು ಹತ್ತಿಯಾಗಿತ್ತು. ತಪ್ಪು ನನ್ನದು ಕಣವ್ವ. ಇಷ್ಟು ಬರೆಯಲು ಎಂಟು ದಿನ ಹಿಡಿಯಿತು.

ಮೇಜಿನ ಮೇಲೆ ಬಿಟ್ಟುಹೋದ ಹಾಳೆಗಳನ್ನು ಓದಿದೆ. ಮರೆತು ಬಿಟ್ಟೆಯೋ, ಬೇಕೆಂದೇ ಬಿಟ್ಟೆಯೋ, ಕೇಳುವುದಿಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬತ್-ಜಿನ್ ಅನ್ನುವವರು, ಔಷಧಿಗೂ ಬಗ್ಗದ ನೋವಿರುವ ರೋಗಿಗಳಿಗಾಗಿ ಶುರು ಮಾಡಿದ ಅಭ್ಯಾಸವಂತೆ; ಉಸಿರಿನ ಮೇಲೆ, ಆ ಗಳಿಗೆ ಮಾಡುವ ಕೆಲಸದ ಮೇಲೆ ಮನಸ್ಸಿಟ್ಟು ಕೂರುವುದಂತೆ. ಬೇರು ಮಾತ್ರ ಬುದ್ಧ ಹೇಳಿಕೊಟ್ಟದ್ದರಲ್ಲೇ ಇದೆಯಂತೆ. ನಿನ್ನ ವಾರ್ಡಿನ ರೋಗಿಗಳಿಗೆ ನೀನು ಇದನ್ನು ಹೇಳಿಕೊಡುತ್ತೀಯ ಅಂತ ಅವ್ವ ಅಂದಳು. ಡೈರಿಗೆ ಹಾಲು ಹಾಕಲು ಹೋದಾಗ ನಾಲ್ಕು ಜನರೆದುರು ಹೇಳಿಕೊಂಡು ಬಂದೆ. ನಿನ್ನೆದುರು ಯಾವತ್ತೂ ಹೇಳಿಲ್ಲ.

ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನಬೇಕು ಅಂತ ಇತ್ತು. ಮನೆಯಲ್ಲಿ ದ್ರಾಕ್ಷಿ ಎಲ್ಲಿಂದ ಬರಬೇಕು? ಒಂದು ಚೂರು ಬೆಲ್ಲವನ್ನೇ ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಮೊದಲು ಸಿಹಿ, ಆಮೇಲೆ ಸುಣ್ಣದ ಒಂದೆಳೆ ಒಗರು, ಕೊನೆಗೆ ಹೊಗೆ. ಮೂವತ್ತು ವರ್ಷ ಬೆಲ್ಲ ಮಾಡಿದವನಿಗೆ ಆ ಹೊಗೆಯ ರುಚಿ ತಿಳಿದದ್ದು ಮೊನ್ನೆ. ಅವ್ವ ನೋಡಿ, ಹಲ್ಲು ನೋವಾ ಅಂದಳು.

ಹೀಗೆ ಮನಸ್ಸಿಡುವುದಕ್ಕೆ ನಮ್ಮ ಕಡೆ ಗ್ಯಾನ ಅನ್ನುತ್ತೇವೆ, ಅಲ್ಲವಾ? ಆಲೆಮನೆಯಲ್ಲಿ ಗ್ಯಾನ ತಪ್ಪಿದರೆ ಕಸುಬೇ ಇಲ್ಲ. ಕೊಪ್ಪರಿಗೆಗೆ ಸುಣ್ಣದ ನೀರು, ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬಂದ ಕೊಳೆ ತೆಗೆದು ಕಾಯುತ್ತಾ ನಿಲ್ಲಬೇಕು. ಥರ್ಮಾಮೀಟರ್ ಇಟ್ಟವರು ಹದಕ್ಕೆ 118 ಡಿಗ್ರಿ ಅನ್ನುತ್ತಾರೆ. ನಾವು ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತೇವೆ. ಒಂದು ಗಳಿಗೆ ಆಚೀಚೆ ಆದರೂ ಬೆಲ್ಲ ಕಪ್ಪಾಗುತ್ತದೆ.

ಕೊನೆಯ ಹಾಳೆಯಲ್ಲಿ ಸಿಕ್ಕಿಹಾಕಿಕೊಂಡೆ. ಮೊದಲು ನಿನಗೆ ನೀನೇ ಒಳಿತು ಕೋರು, ಆಮೇಲೆ ನಿನ್ನವರಿಗೆ, ಆಮೇಲೆ ಗುರುತಿಲ್ಲದವರಿಗೆ, ಕೊನೆಗೆ ನಿನ್ನನ್ನು ನೋಯಿಸಿದವರಿಗೆ ಅಂತ ಇತ್ತು. ನೋಯಿಸಿದವರ ಪಟ್ಟಿ ಮಾಡಲು ನನಗೆ ಕಷ್ಟವಿಲ್ಲ, ದಾಯಾದಿಗಳೇ ಸಾಲುಗಟ್ಟಿದರು. ಆದರೆ ನಾನು ನೋಯಿಸಿದವನನ್ನು ಎಲ್ಲಿ ಕೂರಿಸಲಿ?

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹುಡುಗನ ಕೈ ನಿನಗೆ ನೆನಪಿದೆ. ಆಸ್ಪತ್ರೆ, ಟವೆಲ್ಲು, ಅವನ ತಾಯಿ, ಅದೆಲ್ಲ ಬೇಡ. ‘ಅವನೇ ಎಲ್ಲೋ ನೋಡುತ್ತಿದ್ದ’ ಅಂತ ನಾನು ಊರಿಗೆಲ್ಲ ಹೇಳಿದ್ದೂ ನೆನಪಿರಬೇಕು. ನೀನೂ ಅದನ್ನೇ ನಂಬಿದ್ದೀಯ.

ಅವತ್ತು ನನ್ನ ಗಮನ ಕೊಪ್ಪರಿಗೆ ಮೇಲಿರಲಿಲ್ಲ. ಹಿಂದಿನ ದಿನ ಮಂಡಿಯಲ್ಲಿ ರೇಟು ಬಿದ್ದಿತ್ತು, ತಲೆ ಅಲ್ಲೇ ಇತ್ತು. ಹದ ಮೀರಿತು. ನನ್ನ ತಪ್ಪಿಗೆ ಯಾರನ್ನಾದರೂ ಬೈಯಬೇಕಿತ್ತು. ಆ ಹುಡುಗ ತನ್ನ ಪಾಡಿಗೆ ತಾನು ಎರಡೆರಡೇ ಜಲ್ಲೆ ಜೋಡಿಸಿ, ತುದಿ ಸರಿಮಾಡಿ, ರೋಲರಿಗೆ ಕೊಡುತ್ತಿದ್ದ. ಬಾಯಲ್ಲಿ ಏನೋ ಗುನುಗು. ಇಡೀ ಆಲೆಮನೆಯಲ್ಲಿ ಮಾಡುವ ಕೆಲಸದ ಮೇಲೆ ಮನಸ್ಸಿಟ್ಟಿದ್ದವನು ಅವನೊಬ್ಬನೇ. ನಾನು ಹಿಂದಿನಿಂದ ಕೂಗಿದೆ: ‘ಲೋ, ಗ್ಯಾನ ಎಲ್ಲಿಟ್ಟಿದ್ದೀಯೋ!’

ಅವನು ತಿರುಗಿದ. ಎಲ್ಲೋ ನೋಡುತ್ತಿರಲಿಲ್ಲ ಪುಟ್ಟಿ, ನನ್ನನ್ನೇ ನೋಡುತ್ತಿದ್ದ. ಕೈ ಜಲ್ಲೆಯ ಜೊತೆ ಹೋಯಿತು. ನಾನು ದೊಣ್ಣೆಯಿಂದ ಎಂಜಿನ್ನಿನ ಬೆಲ್ಟು ತಳ್ಳಿದೆ. ಬೆಲ್ಟು ಬಿದ್ದ ಮೇಲೂ ರೋಲರು ಅರ್ಧ ಸುತ್ತು ತಿರುಗಿತು. ಉಸಿರು ನೋಡುತ್ತಾ ಕೂತರೆ ನನಗೆ ಉಸಿರು ಕಾಣುವುದಿಲ್ಲ, ಆ ಅರ್ಧ ಸುತ್ತು ಕಾಣುತ್ತದೆ. ಮತ್ತೆ ಉಸಿರಿಗೆ ಬಾ ಅಂತ ಹಾಳೆಯಲ್ಲಿದೆ. ಬರುತ್ತೇನೆ. ಮತ್ತೆ ರೋಲರು.

ಕೂಗದಿದ್ದರೆ? ಹತ್ತಿರ ಹೋಗಿ ಹೆಗಲು ಮುಟ್ಟಿದ್ದರೆ? ಬೆಲ್ಲ ಕಪ್ಪಾಗಿದ್ದರೆ ಆಗಿತ್ತು, ಅದಕ್ಕೂ ಒಂದು ರೇಟು ಇದ್ದೇ ಇತ್ತು.

ನಿನಗೂ ಒಂದು ಮಾತು. ಅವ್ವ ಫೋನ್ ಮಾಡಿದರೆ ‘ಧ್ಯಾನಕ್ಕೆ ಕೂತಿದ್ದೀನಿ, ಈಗ ತಲೆ ತಿನ್ನಬೇಡ’ ಅಂದೆಯಂತೆ. ಅದೆಂಥ ಧ್ಯಾನ? ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಸ್ಕೂಟಿ ಓಡಿಸುತ್ತೀಯ, ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು ಮಾತು ಬೇರೆ. ವಾರ್ಡು ಗುಡಿಸುವ ಹೆಂಗಸು ಊಟ ಮಾಡಿದಳೋ ಇಲ್ಲವೋ ಒಂದು ದಿನ ಕೇಳಿದ್ದೀಯಾ? ರೋಗಿ ಎರಡನೇ ಸಲ ಕರೆದಾಗಲೂ ಮೊದಲನೇ ಸಲದ ದನಿಯಲ್ಲೇ... ಇರಲಿ. ಶುರು ಆಯಿತು ನನ್ನ ಭಾಷಣ. ನೀನು ಅವಳನ್ನು ವಿಚಾರಿಸಿಯೇ ಇರುತ್ತೀಯ. ನೀನು ನನ್ನಂಥವಳಲ್ಲ.

ಅವನು ಈಗ ಮದ್ದೂರಿನ ಹತ್ತಿರ ರಸ್ತೆ ಬದಿ ಎಳನೀರು ಮಾರುತ್ತಾನೆ. ಮೊನ್ನೆ ಹೋಗಿದ್ದೆ. ಮೂರು ಬೆರಳಿನ ಕೈಯಲ್ಲಿ ಕಾಯಿ ಹಿಡಿದು ಇನ್ನೊಂದು ಕೈಯಲ್ಲಿ ಮಚ್ಚು ಬೀಸುತ್ತಾನೆ. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ. ಗುರುತು ಹಿಡಿದ, ‘ಗೌಡ್ರೇ, ಗಂಜಿ ಇರೋದು ಕೊಡ್ಲಾ’ ಅಂದ. ಕುಡಿದೆ. ಗಂಜಿಯನ್ನೂ ತಿಂದೆ. ಹೇಳಬೇಕೆಂದು ಹೋದದ್ದು ಬಾಯಿಗೆ ಬರಲಿಲ್ಲ. ಐನೂರರ ನೋಟು ಕೊಟ್ಟು ಚಿಲ್ಲರೆ ಬೇಡ ಅಂದೆ. ಅವನು ಎಣಿಸಿ ಪೂರ್ತಿ ವಾಪಸು ಕೊಟ್ಟ.

ಭಾನುವಾರ ಮತ್ತೆ ಹೋಗುತ್ತೇನೆ. ನಿನಗೆ ರಜಾ ಇದ್ದರೆ ಜೊತೆಗೆ ಬಾ ಅನ್ನೋಣ ಅಂತಿದ್ದೆ. ಬೇಡ, ನೀನು ಪಕ್ಕದಲ್ಲಿದ್ದರೆ ನಾನು ದೊಡ್ಡಮನುಷ್ಯನ ಹಾಗೆ ಮಾತಾಡಿಬಿಡುತ್ತೇನೆ. ಒಬ್ಬನೇ ಹೋಗುತ್ತೇನೆ.

ನಿನ್ನ ಅಪ್ಪ